ಬೆಂಕಿಗೊಂದು ಬಾಗಿಲು: ಬೆಳಗಾವಿಯ ಚಳಿ ಮತ್ತು ಫೈರ್‌ಪ್ಲೇಸ್ ಇನ್ಸರ್ಟ್

ಬೆಳಗಾವಿಯ ಚಳಿಯನ್ನು ಮನೆ ಕಟ್ಟುವಾಗ ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಬೆನ್ನಿಗೆ ಆತುಕೊಂಡಿರುವ ಈ ಊರನ್ನು ಹಿಂದಿನವರು ಬಡವರ ಮಹಾಬಳೇಶ್ವರವೆಂದು ಕರೆದದ್ದು ಬೇಸಿಗೆಯ ತಂಪನ್ನು ನೆನೆದು. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಉಷ್ಣತೆ 13–15 ಡಿಗ್ರಿಗೆ ಇಳಿಯುವುದು ಇಲ್ಲಿ ಮಾಮೂಲು, ಕೆಲವು ವರ್ಷ 10 ಡಿಗ್ರಿಗಿಂತ ಕೆಳಗೆ ಹೋಗುವುದೂ ಉಂಟು. ಆ ಕೆಲವು ವಾರಗಳನ್ನು ನಾವು ಕಂಬಳಿ, ಸ್ವೆಟರು, ಕಿವಿಗೆ ಸುತ್ತಿದ ಮಫ್ಲರು ಮತ್ತು ಮೇಲಿಂದ ಮೇಲೆ ಕುಡಿಯುವ ಚಹಾದ ಬಲದಿಂದ ದಾಟುತ್ತೇವೆಯೇ ಹೊರತು, ಮನೆಯನ್ನೇ ಬೆಚ್ಚಗಿಡಬೇಕೆಂಬ ವಿಚಾರ ನಮ್ಮ ಕಟ್ಟಡದ ಪದ್ಧತಿಯಲ್ಲಿಲ್ಲ. ಅದಕ್ಕೆ ಹೊರತಾಗಿರುವುದು ಕ್ಯಾಂಪ್ ಭಾಗದ ಕೆಲವು ಹಳೆಯ ಬಂಗಲೆಗಳು. 1832ರಲ್ಲಿ ಇಲ್ಲಿ ದಂಡು ನೆಲೆಗೊಂಡ ಮೇಲೆ ಬಂದ ಇಂಗ್ಲಿಷ್ ಅಧಿಕಾರಿಗಳು ತಮ್ಮ ನಾಡಿನ ರೂಢಿಯನ್ನೂ ಜೊತೆಗೆ ತಂದರು. ದಪ್ಪ ಗೋಡೆಯಲ್ಲಿ ಬೆಂಕಿಯ ಗೂಡು ಬಿಟ್ಟು, ಹೆಂಚಿನ ಮಾಡನ್ನು ಸೀಳಿ ಚಿಮಣಿ ಏರಿಸುವುದು ಆ ರೂಢಿಯಲ್ಲೊಂದು. ಈಗ ಅಂಥ ಗೂಡುಗಳಲ್ಲಿ ಹೆಚ್ಚಿನವುಗಳ ಬಾಯಿಗೆ ಹಲಗೆ ಬಡಿಯಲಾಗಿದೆ, ಇಲ್ಲವೇ ಮುಂದೆ ಟಿ.ವಿ. ಸ್ಟ್ಯಾಂಡು ಬಂದು ನಿಂತಿದೆ.

ನಮ್ಮ ಪರಿಚಯದ ಒಂದು ಕುಟುಂಬ ಅಂಥ ಬಂಗಲೆಯಲ್ಲಿ ವಾಸವಾಗಿದೆ, ಮತ್ತು ಅವರು ತಮ್ಮ ಫೈರ್‌ಪ್ಲೇಸನ್ನು ಇನ್ನೂ ಉಪಯೋಗಿಸುತ್ತಾರೆ. ಅದರೊಳಗೆ ಈಗ ಸಿಗುವ ಕಬ್ಬಿಣದ ಇನ್ಸರ್ಟ್ ಒಂದನ್ನು, ಅಂದರೆ ಗೂಡಿನೊಳಗೆ ಕೂಡುವ ಬಾಗಿಲಿರುವ ಒಲೆಪೆಟ್ಟಿಗೆಯನ್ನು, ಕೂಡಿಸಿದರೆ ಹೇಗೆ ಎಂದು ಅವರು ನನ್ನನ್ನು ಕೇಳಿದರು. ಉದ್ಯಮಬಾಗದ ಫೌಂಡ್ರಿಗಳ ನಡುವೆ ಬಹುಕಾಲ ಕೆಲಸ ಮಾಡಿದವನಿಗೆ ಬೆಂಕಿ ಮತ್ತು ಬೀಡಿನ (ಎರಕದ ಕಬ್ಬಿಣದ) ಬಗ್ಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ಆ ಮನೆಯ ವೈನಿಯವರು ಮಾತಿನ ನಡುವೆ ಹೇಳಿದ ಒಂದು ದೂರು ನನಗೆ ಇಡೀ ವಿಷಯದ ಕೀಲಿಯಂತೆ ಕಂಡಿತು: “ಬೆಂಕಿ ಹಚ್ಚಿದ್ರ ಅದರ ಮುಂದ ಕುಂತವರಿಗೆ ಬೆಚ್ಚಗಾಗತೈತ್ರಿ, ಆದ್ರ ಮಲಗೋ ಖೋಲಿ ಇದ್ದದ್ದಕ್ಕಿಂತ ಥಂಡಿ ಆಗತೈತಿ.” ಮನೆಯವರು ಇದನ್ನು ಅವರ ಭ್ರಮೆಯೆಂದು ನಕ್ಕಿದ್ದರು. ಅದು ಭ್ರಮೆಯಲ್ಲ, ತೆರೆದ ಫೈರ್‌ಪ್ಲೇಸಿನ ಗುಣವೇ ಅದು.

ಕಟ್ಟಿಗೆ ಉರಿಯಲು ಗಾಳಿ ಬೇಕು, ಆದರೆ ತೆರೆದ ಫೈರ್‌ಪ್ಲೇಸು ಎಳೆದುಕೊಳ್ಳುವ ಗಾಳಿಯಲ್ಲಿ ಉರಿಗೆ ಬೇಕಾದದ್ದು ಅಲ್ಪ ಪಾಲು. ಒಂದು ಕಿಲೋ ಒಣ ಕಟ್ಟಿಗೆ ಸಂಪೂರ್ಣವಾಗಿ ಸುಡಲು ಹೆಚ್ಚುಕಡಿಮೆ 5 ಘನ ಮೀಟರ್ ಗಾಳಿ ಸಾಕು. ಒಳ್ಳೆಯ ಒಲೆಗಳೂ ಅದರ ಎರಡರಷ್ಟನ್ನು ತೆಗೆದುಕೊಳ್ಳುತ್ತವೆ ಎಂದುಕೊಂಡರೂ ಗಂಟೆಗೆ ಎರಡು ಕಿಲೋ ಸುಡುವ ಬೆಂಕಿಗೆ 20 ಘನ ಮೀಟರ್ ಆಯಿತು. ಆದರೆ ಬಾಯಿ ತೆರೆದ ಫೈರ್‌ಪ್ಲೇಸೊಂದು ಚೆನ್ನಾಗಿ ಉರಿಯುವಾಗ ಗಂಟೆಗೆ 400–500 ಘನ ಮೀಟರ್ ಗಾಳಿಯನ್ನು ಚಿಮಣಿಯ ಮೂಲಕ ಮೇಲಕ್ಕೆ ಕಳಿಸಬಲ್ಲದು. ಕ್ಯಾಂಪಿನ ಆ ದಿವಾನಖಾನೆ 15 ಅಡಿ ಅಗಲ, 18 ಅಡಿ ಉದ್ದ, 14 ಅಡಿ ಎತ್ತರ. ಅದರಲ್ಲಿ ಹಿಡಿಯುವ ಗಾಳಿ ಸುಮಾರು 107 ಘನ ಮೀಟರ್. ಅಂದರೆ ಕೋಣೆಯ ಗಾಳಿಯೆಲ್ಲ ಗಂಟೆಗೆ ನಾಲ್ಕು ಬಾರಿ ಹೊರಗೆ ಹೋಗುತ್ತದೆ, ಮತ್ತು ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಅದು ಬರುವುದು ಹೆಂಚಿನ ಸಂದುಗಳಿಂದ, ಕಿಟಕಿಯ ಚೌಕಟ್ಟಿನ ಬಿರುಕುಗಳಿಂದ, ಹಿಂದಿನ ಖೋಲಿಗಳ ಬಾಗಿಲ ಕೆಳಗಿನಿಂದ. ಮಲಗುವ ಖೋಲಿಯಲ್ಲಿ ಹಗಲಿಡೀ ಉಳಿದಿದ್ದ ಅಷ್ಟಿಷ್ಟು ಬೆಚ್ಚನೆಯ ಗಾಳಿಯನ್ನು ದಿವಾನಖಾನೆಯ ಬೆಂಕಿ ತನ್ನತ್ತ ಸೆಳೆದುಕೊಂಡು ಚಿಮಣಿಗೆ ಒಪ್ಪಿಸುತ್ತದೆ, ಆ ಖೋಲಿಗೆ ಹೊರಗಿನ 12 ಡಿಗ್ರಿಯ ಗಾಳಿ ಬಂದು ತುಂಬಿಕೊಳ್ಳುತ್ತದೆ. ವೈನಿಯವರ ಕಾಲಿಗೆ ತಾಗಿದ ಥಂಡಿ ಅದೇ.

ಹಾಗಾದರೆ ಬೆಂಕಿಯ ಮುಂದೆ ಕುಳಿತವರಿಗೆ ಬೆಚ್ಚಗಾಗುವುದು ಹೇಗೆ ಎಂದರೆ, ಅವರಿಗೆ ತಲುಪುವುದು ವಿಕಿರಣದ ಶಾಖ ಮಾತ್ರ. ಬಿಸಿಲಿಗೆ ಮೈಯೊಡ್ಡಿದಾಗ ಸುತ್ತಲಿನ ಗಾಳಿ ತಣ್ಣಗಿದ್ದರೂ ಚರ್ಮ ಕಾಯುವಂತೆ, ಕೆಂಡ ಮತ್ತು ಜ್ವಾಲೆ ಸೂಸುವ ಶಾಖ ನೇರ ರೇಖೆಯಲ್ಲಿ ಬಂದು ಎದುರಿಗಿದ್ದವರ ಮೈ ತಾಗುತ್ತದೆ. ಬಿಸಿಯಾದ ಗಾಳಿಯಂತೂ ಚಿಮಣಿಯ ದಾರಿ ಹಿಡಿದಿರುತ್ತದೆ. ಹೀಗಾಗಿ ಕಟ್ಟಿಗೆಯಲ್ಲಿರುವ ಶಕ್ತಿಯ ಹತ್ತರಲ್ಲಿ ಒಂದು ಪಾಲು, ತೀರ ಹೆಚ್ಚೆಂದರೆ ಒಂದೂವರೆ ಪಾಲು ಮಾತ್ರ ಕೋಣೆಗೆ ದಕ್ಕುತ್ತದೆ. ಹೊರಗಿನ ಚಳಿ ತೀವ್ರವಾಗಿದ್ದ ನಾಡುಗಳಲ್ಲಿ ಈ ಲೆಕ್ಕ ಸೊನ್ನೆಗಿಂತ ಕೆಳಗೂ ಹೋಗಬಹುದು, ಅಂದರೆ ಬೆಂಕಿ ಉರಿಸಿದ್ದರಿಂದ ಒಟ್ಟು ಮನೆ ಮೊದಲಿಗಿಂತ ತಣ್ಣಗಾಗಬಹುದು.

ಇದು ಪಾಶ್ಚಾತ್ಯರಿಗೆ ಗೊತ್ತಿರಲಿಲ್ಲವೆಂದಲ್ಲ. ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದ ಆರಂಭದಲ್ಲಿಯೇ ಬೀಡು ಕಬ್ಬಿಣದ ಹಲಗೆಗಳಿಂದ ಮಾಡಿದ ಪೆಟ್ಟಿಗೆಯೊಂದನ್ನು ರೂಪಿಸಿ, ಗಾಳಿ ಬೆಂಕಿಯ ಹಿಂದೆ ಸುತ್ತಿ ಬಿಸಿಯಾಗಿ ಕೋಣೆಗೆ ಮರಳುವಂತೆ ಮಾಡಲು ನೋಡಿದ. ಅದರ ಪೇಟೆಂಟ್ ತೆಗೆದುಕೊಳ್ಳಲು ಆತ ಒಪ್ಪಲಿಲ್ಲ ಎಂಬುದು ಪ್ರಸಿದ್ಧವಾದ ಸಂಗತಿ. ಹೊಗೆ ಕೆಳಮುಖವಾಗಿ ಹೋಗಬೇಕಾಗಿದ್ದ ಕಾರಣ ಆ ಮೊದಲ ರೂಪ ಸರಿಯಾಗಿ ಕೆಲಸ ಮಾಡಲಿಲ್ಲ ಎಂಬುದು ಅಷ್ಟು ಪ್ರಸಿದ್ಧವಲ್ಲ. ಅನಂತರ 1796ರಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಬೇರೊಂದು ದಾರಿ ತೋರಿಸಿದ: ಗೂಡಿನ ಆಳವನ್ನು ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಚಿಮಣಿಯ ಕತ್ತನ್ನು ಕಿರಿದಾಗಿಸಿದರೆ ವಿಕಿರಣ ಹೆಚ್ಚು ಹೊರಬರುತ್ತದೆ, ಗಾಳಿ ಕಡಿಮೆ ಪೋಲಾಗುತ್ತದೆ. ಈ ಇಬ್ಬರೂ ಬೇರೆ ಬೇರೆ ಕಡೆಯಿಂದ ಹಿಡಿದದ್ದು ಒಂದೇ ಸಮಸ್ಯೆಯನ್ನು. ಬೆಂಕಿಯನ್ನು ದೊಡ್ಡದು ಮಾಡುವುದರಿಂದ ಮನೆ ಬೆಚ್ಚಗಾಗುವುದಿಲ್ಲ, ಅದಕ್ಕೆ ಸೇರುವ ಗಾಳಿಯ ಮೇಲೆ ಹತೋಟಿ ಬಂದರೆ ಆಗುತ್ತದೆ. ಇಂದಿನ ಇನ್ಸರ್ಟ್ ಈ ವಿಚಾರವನ್ನು ಅದರ ಕೊನೆಯವರೆಗೆ ಕೊಂಡೊಯ್ದ ಉಪಕರಣ.

ನೋಡಲು ಅದು ಬೀಡಿನ ಅಥವಾ ದಪ್ಪ ಉಕ್ಕಿನ ತಗಡಿನ ಪೆಟ್ಟಿಗೆ. ಹಳೆಯ ಗೂಡಿನೊಳಗೆ ಅದನ್ನು ಇಡೀಯಾಗಿ ತಳ್ಳಿ ಕೂಡಿಸುತ್ತಾರೆ. ಮುಂದೆ ಗಾಜಿನ ಬಾಗಿಲು. ಅದು ಸಾದಾ ಗಾಜಲ್ಲ, ಕಾಯಿಸಿದರೆ ಹಿಗ್ಗದ, ಸುಮಾರು 700 ಡಿಗ್ರಿಯವರೆಗೆ ತಾಳಿಕೊಳ್ಳುವ ಸೆರಾಮಿಕ್ ಗಾಜು. ಬಾಗಿಲಿನ ಅಂಚಿಗೆ ಗಾಜಿನ ನಾರಿನ ಹಗ್ಗ ಕೂಡಿಸಿರುತ್ತಾರೆ, ಬಾಗಿಲು ಮುಚ್ಚಿದಾಗ ಅದು ಅದುಮಿಕೊಂಡು ಗಾಳಿಯ ದಾರಿಯನ್ನು ಕಟ್ಟುತ್ತದೆ. ಈಗ ಬೆಂಕಿಗೆ ಗಾಳಿ ಸಿಗುವುದು ತಯಾರಕರು ಬಿಟ್ಟ ಕಂಡಿಗಳಿಂದ ಮಾತ್ರ, ಮತ್ತು ಆ ಕಂಡಿಗಳನ್ನು ಹೊರಗಿನ ಒಂದು ಹಿಡಿಕೆಯಿಂದ ತೆರೆಯಬಹುದು, ಮುಚ್ಚಬಹುದು. ಪೆಟ್ಟಿಗೆಯ ಸುತ್ತ ಇನ್ನೊಂದು ಪದರವಿದ್ದು, ಎರಡರ ನಡುವೆ ಕೋಣೆಯ ಗಾಳಿ ಕೆಳಗಿನಿಂದ ಹೊಕ್ಕು, ಕಾದು, ಮೇಲಿನಿಂದ ಹೊರಬರುತ್ತದೆ. ಹೊಗೆಯ ದಾರಿ ಮತ್ತು ಕೋಣೆಯ ಗಾಳಿಯ ದಾರಿ ಎಲ್ಲಿಯೂ ಒಂದನ್ನೊಂದು ಕೂಡುವುದಿಲ್ಲ.

ಬೆಳಗಾವಿಯ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಅರ್ಥಮಾಡಿಸಲು ಬಚ್ಚಲಮನೆಯ ತಾಮ್ರದ ಬಂಬನ್ನು ನೆನಪಿಸಿದರೆ ಸಾಕು. ಬಂಬಿನ ನಡುವೆ ಬೆಂಕಿಯ ಕೊಳವೆ, ಕೆಳಗೆ ಬೂದಿ ಉದುರುವ ಜಾಳಿಗೆ, ಸುತ್ತ ನೀರು. ಉರಿಯ ಶಾಖ ಹೊರಗೆ ಹೋಗಬೇಕಾದರೆ ನೀರನ್ನು ದಾಟಿಯೇ ಹೋಗಬೇಕು, ಆದ್ದರಿಂದ ನಾಲ್ಕು ಚಕ್ಕೆ ಕಟ್ಟಿಗೆ ಮತ್ತು ಒಂದಿಷ್ಟು ತೆಂಗಿನ ಚಿಪ್ಪಿನಲ್ಲಿ ಇಡೀ ಮನೆಯವರ ಸ್ನಾನ ಮುಗಿಯುತ್ತಿತ್ತು. ಅದೇ ನೀರನ್ನು ಮೂರು ಕಲ್ಲಿನ ಮೇಲೆ ಹಂಡೆಯಿಟ್ಟು ಕಾಯಿಸಲು ಎಷ್ಟು ಕಟ್ಟಿಗೆ ಬೇಕಾಗುತ್ತಿತ್ತೆಂಬುದನ್ನು ನಮ್ಮ ಮನೆಯ ಹಿರಿಯರು ಬಲ್ಲರು. ಇನ್ಸರ್ಟಿನಲ್ಲಿ ನೀರಿನ ಜಾಗಕ್ಕೆ ಗಾಳಿ ಬಂದಿದೆ. ಆದರೆ ಬಂಬಿನಲ್ಲಿ ಇಲ್ಲದ ಒಂದು ಸಂಗತಿ ಇನ್ಸರ್ಟಿನಲ್ಲಿದೆ, ಮತ್ತು ಅದರ ನಿಜವಾದ ಜಾಣತನ ಇರುವುದು ಅಲ್ಲಿಯೇ: ಹೊಗೆಯನ್ನು ಸುಡುವುದು.

ಕಟ್ಟಿಗೆ ಉರಿಯುತ್ತದೆ ಎಂದು ನಾವು ಹೇಳುತ್ತೇವಾದರೂ, ಕಣ್ಣಿಗೆ ಕಾಣುವ ಜ್ವಾಲೆ ಕಟ್ಟಿಗೆಯದಲ್ಲ, ಕಟ್ಟಿಗೆಯಿಂದ ಹೊರಬಂದ ಅನಿಲಗಳದ್ದು. ಮೊದಲು ಕಟ್ಟಿಗೆಯೊಳಗಿನ ನೀರು ಆವಿಯಾಗಿ ಹೋಗಬೇಕು. ಉಷ್ಣತೆ 200–300 ಡಿಗ್ರಿ ಮುಟ್ಟಿದ ಮೇಲೆ ಕಟ್ಟಿಗೆಯ ನಾರು ಒಡೆದು, ಡಾಂಬರಿನ ಹನಿಗಳೂ ದಹಿಸಬಲ್ಲ ಅನಿಲಗಳೂ ಹೊರಬರುತ್ತವೆ. ಒಣ ಕಟ್ಟಿಗೆಯ ತೂಕದಲ್ಲಿ ನಾಲ್ಕರಲ್ಲಿ ಮೂರು ಪಾಲು ಹೀಗೆ ಅನಿಲವಾಗಿಯೇ ಹೋಗುವಂಥದು. ಉಳಿದದ್ದು ಇದ್ದಿಲು, ಅದು ಕೊನೆಯಲ್ಲಿ ಹೊಗೆಯಿಲ್ಲದೆ ನಿಗಿನಿಗಿ ಉರಿಯುತ್ತದೆ. ನಡುವಿನ ಈ ಅನಿಲಗಳು ಸರಿಯಾಗಿ ಹೊತ್ತಿಕೊಳ್ಳಲು ಸುಮಾರು 600 ಡಿಗ್ರಿ ಶಾಖ ಬೇಕು, ಜೊತೆಗೆ ಹೊಸ ಗಾಳಿ ಬೇಕು, ಎರಡೂ ಚೆನ್ನಾಗಿ ಬೆರೆಯಲು ಸ್ವಲ್ಪ ಸಮಯವೂ ಬೇಕು. ತೆರೆದ ಗೂಡಿನಲ್ಲಿ ಈ ಮೂರೂ ಕೂಡಿಬರುವುದಿಲ್ಲ, ಏಕೆಂದರೆ ತಣ್ಣನೆಯ ಗಾಳಿ ಧಾರಾಳವಾಗಿ ನುಗ್ಗಿ ಅನಿಲಗಳನ್ನು ಅವು ಹೊತ್ತಿಕೊಳ್ಳುವ ಮುಂಚೆಯೇ ತಣಿಸಿ ಮೇಲಕ್ಕೆ ಎತ್ತಿಬಿಡುತ್ತದೆ. ನಾವು ಹೊಗೆ ಎಂದು ಕರೆಯುವುದು ಹೀಗೆ ಸುಡದೆ ತಪ್ಪಿಸಿಕೊಂಡ ಉರುವಲನ್ನೇ.

ಇನ್ಸರ್ಟಿನ ಒಳಗೆ ಬೆಂಕಿಯ ನೆತ್ತಿಯ ಮೇಲೆ ಶಾಖ ತಡೆಯುವ ಅಡ್ಡ ಹಲಗೆಯೊಂದಿರುತ್ತದೆ. ಸಾಮಾನ್ಯವಾಗಿ ಅದು ವರ್ಮಿಕ್ಯುಲೈಟ್ ಎಂಬ ಖನಿಜದ್ದು; ಹಗುರ, ಶಾಖವನ್ನು ಒಳಗೇ ಹಿಡಿದಿಡುತ್ತದೆ, ಕಟ್ಟಿಗೆಯ ತುದಿ ಜೋರಾಗಿ ತಗುಲಿದರೆ ಮುರಿಯುತ್ತದೆ. ಹೊಗೆ ಈ ಹಲಗೆಯ ಕೆಳಗೆ ತಡೆದು, ಮುಂದಕ್ಕೆ ಹರಿದು, ಅಂಚನ್ನು ಬಳಸಿಕೊಂಡು ಚಿಮಣಿಗೆ ಹೋಗಬೇಕು. ಅಲ್ಲಿಯೇ, ಪೆಟ್ಟಿಗೆಯ ಮೈಯುದ್ದಕ್ಕೂ ಹಾಯ್ದು ಬಿಸಿಯಾಗಿ ಬಂದ ಎರಡನೆಯ ಗಾಳಿಯನ್ನು ತೂತು ಕೊರೆದ ಉಕ್ಕಿನ ಕೊಳವೆಗಳಿಂದ ಬಿಡುತ್ತಾರೆ. ಬೆಂಕಿ ಚೆನ್ನಾಗಿ ಕಾದ ಮೇಲೆ ನೋಡಿದರೆ ಕಟ್ಟಿಗೆಗೂ ಜ್ವಾಲೆಗೂ ಸಂಬಂಧವೇ ಇಲ್ಲದಂತೆ, ಆ ತೂತುಗಳ ಬಾಯಿಯಲ್ಲಿ ಗ್ಯಾಸ್ ಬರ್ನರಿನಂತೆ ಸಾಲು ಜ್ವಾಲೆ ಎದ್ದಿರುತ್ತದೆ; ಅದು ಹೊಗೆ ಉರಿಯುವ ದೃಶ್ಯ. ಇನ್ನು ಕೆಲವು ತಯಾರಕರು ಇದೇ ಕೆಲಸಕ್ಕೆ ಪ್ಲಾಟಿನಂ ಅಥವಾ ಪಲ್ಲಾಡಿಯಂ ಲೇಪಿಸಿದ ಜೇನುಗೂಡಿನ ಆಕಾರದ ಸೆರಾಮಿಕ್ ತುಂಡನ್ನು, ಅಂದರೆ ಕೆಟಲಿಸ್ಟನ್ನು, ಇಡುತ್ತಾರೆ. ಅದರ ಸಂಪರ್ಕದಲ್ಲಿ ಹೊಗೆ 260 ಡಿಗ್ರಿಯ ಆಸುಪಾಸಿನಲ್ಲಿಯೇ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಬೆಂಕಿಯನ್ನು ಸಣ್ಣಗಿಟ್ಟು ಇಡೀ ರಾತ್ರಿ ಕಾಯ್ದುಕೊಳ್ಳಬಹುದು. ಆದರೆ ಆ ತುಂಡು ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಬಣ್ಣದ ಕಾಗದ, ಪ್ಲಾಸ್ಟಿಕ್, ಪೇಂಟ್ ಬಳಿದ ಹಲಗೆಗಳನ್ನು ಹಾಕಿದರೆ ಇನ್ನೂ ಬೇಗ ಕೆಡುತ್ತದೆ. ಕಸವನ್ನೆಲ್ಲ ಬಚ್ಚಲ ಒಲೆಗೆ ತಳ್ಳಿ ರೂಢಿಯಿರುವ ನಮ್ಮಂಥವರಿಗೆ ಮೊದಲಿನ ಬಗೆಯೇ ವಾಸಿ ಎಂಬುದು ನನ್ನ ಅನಿಸಿಕೆ.

ಅಮೆರಿಕದ ಪರಿಸರ ಸಂಸ್ಥೆ 1988ರಲ್ಲಿ ಕಟ್ಟಿಗೆಯ ಒಲೆಗಳ ಹೊಗೆಗೆ ಮೊದಲು ಹಾಕಿದ ನಿಯಮದಂತೆ, 1990ರಿಂದ ಕೆಟಲಿಸ್ಟ್ ಇಲ್ಲದ ಒಲೆ ಗಂಟೆಗೆ 7.5 ಗ್ರಾಂವರೆಗೆ ಕಣಗಳನ್ನು ಬಿಡಬಹುದಿತ್ತು. 2020ರಿಂದ ಜಾರಿಗೆ ಬಂದ ಮಿತಿ ಸಾಮಾನ್ಯ ಪರೀಕ್ಷೆಯಲ್ಲಿ 2 ಗ್ರಾಂ, ಮನೆಯಲ್ಲಿ ಸುಡುವಂಥ ಸೀಳು ಕಟ್ಟಿಗೆಯ ಪರೀಕ್ಷೆಯಲ್ಲಿ 2.5 ಗ್ರಾಂ. ಈ ಇಳಿಕೆಯ ಹಿಂದಿರುವುದು ಗಾಳಿಯ ಇದೇ ಜಾಣ ಹಂಚಿಕೆ. ದಕ್ಷತೆಯ ಮಾತಾದರೆ ಒಳ್ಳೆಯ ಇನ್ಸರ್ಟ್ ಕಟ್ಟಿಗೆಯ ಶಕ್ತಿಯಲ್ಲಿ ನೂರಕ್ಕೆ 70–75 ಪಾಲನ್ನು ಕೋಣೆಗೆ ಕೊಡುತ್ತದೆ. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಒಣಗಿದ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 4 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ತೆರೆದ ಗೂಡು ಅದರಲ್ಲಿ ಅರ್ಧ ಯೂನಿಟನ್ನು ಮನೆಗೆ ಕೊಟ್ಟು ಮೂರೂವರೆಯನ್ನು ಆಕಾಶಕ್ಕೆ ಕೊಡುತ್ತದೆ, ಇನ್ಸರ್ಟ್ ಮೂರನ್ನು ಮನೆಗೆ ಕೊಟ್ಟು ಒಂದನ್ನು ಆಕಾಶಕ್ಕೆ ಕೊಡುತ್ತದೆ. ಆ ಒಂದು ಯೂನಿಟನ್ನು ಕೊಡಲೇಬೇಕು, ಏಕೆಂದರೆ ಚಿಮಣಿ ಹೊಗೆಯನ್ನು ಎಳೆಯುವುದು ಆ ಬಿಸಿಯ ಬಲದಿಂದ.

ಮುಚ್ಚಿದ ಬೆಂಕಿ, ಕೆಳಗೆ ಜಾಳಿಗೆ, ಅಳತೆಯ ಗಾಳಿದಾರಿ, ಕೊನೆಗೊಂದು ಚಿಮಣಿ ಎಂಬ ಸೂತ್ರ ಕರ್ನಾಟಕದವರಿಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರದಿಂದ ಬಂದ ಅಸ್ತ್ರ ಒಲೆಯನ್ನು ಎಂಬತ್ತು-ತೊಂಬತ್ತರ ದಶಕಗಳಲ್ಲಿ ನಮ್ಮ ಅನೇಕ ಹಳ್ಳಿಗಳ ಅಡುಗೆಮನೆಗಳು ಕಂಡಿವೆ. ಅದರ ಗುರಿ ಪಾತ್ರೆಯ ತಳಕ್ಕೆ ಶಾಖ ಮುಟ್ಟಿಸುವುದು, ಇದರ ಗುರಿ ಕೋಣೆಗೆ. ಅಸ್ತ್ರ ಒಲೆಗಳಲ್ಲಿ ಬಹಳಷ್ಟು ಕೆಟ್ಟದ್ದು ಚಿಮಣಿಯಲ್ಲಿ ಮಸಿ ಕಟ್ಟಿ, ಅದನ್ನು ತೆಗೆಯುವವರಿಲ್ಲದೆ. ಇನ್ಸರ್ಟ್ ಹಾಕಿಸುವವರು ಆ ಅನುಭವವನ್ನು ಮನಸ್ಸಿನಲ್ಲಿಡಬೇಕು, ಏಕೆಂದರೆ ಇಲ್ಲಿಯೂ ತೊಂದರೆ ಶುರುವಾಗುವುದು ಪೆಟ್ಟಿಗೆಯಲ್ಲಲ್ಲ, ಚಿಮಣಿಯಲ್ಲಿ.

ಹಳೆಯ ಬಂಗಲೆಯ ಚಿಮಣಿಯನ್ನು ಕಟ್ಟಿದ್ದು ತೆರೆದ ಬೆಂಕಿಗಾಗಿ, ಗಂಟೆಗೆ ನೂರಾರು ಘನ ಮೀಟರ್ ಗಾಳಿ ಹಾಯುವಷ್ಟು ಅಗಲವಾಗಿ. ಇನ್ಸರ್ಟಿನಿಂದ ಹೊರಡುವ ಹೊಗೆ ಪ್ರಮಾಣದಲ್ಲಿ ಕಡಿಮೆ, ಅದು ಹೊತ್ತೊಯ್ಯುವ ಒಟ್ಟು ಶಾಖವೂ ಕಡಿಮೆ. ಅದನ್ನು ನೇರವಾಗಿ ಆ ದೊಡ್ಡ ಹಾಳುಬಾವಿಗೆ ಬಿಟ್ಟರೆ ಅದು ನಿಧಾನವಾಗಿ ಏರುತ್ತ, ಗೋಡೆಗೆ ತಾಗಿ ತಣ್ಣಗಾಗುತ್ತ, ಒಳಮೈಯ ಉಷ್ಣತೆ 120 ಡಿಗ್ರಿಗಿಂತ ಕೆಳಗಿರುವ ಕಡೆಯಲ್ಲೆಲ್ಲ ತನ್ನ ಡಾಂಬರನ್ನು ಬಿಟ್ಟುಹೋಗುತ್ತದೆ. ಕ್ರಿಯೊಸೋಟ್ ಎಂದು ಕರೆಯುವ ಈ ಕರಿ ಅಂಟು ಮೊದಲು ಪುಡಿಯಾಗಿ, ಆಮೇಲೆ ಹಕ್ಕಳೆಯಾಗಿ, ಕೊನೆಗೆ ಗಾಜಿನಂಥ ಲೇಪವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಒಮ್ಮೆ ಕಿಡಿ ತಾಗಿದರೆ ಚಿಮಣಿಯೇ ಒಲೆಯಾಗಿ ಉರಿಯುತ್ತದೆ, ಮತ್ತು ಹೆಂಚಿನ ಕೆಳಗಿರುವ ಸಾಗವಾನಿಯ ತೊಲೆಗಳಿಗೆ ಆ ಚಿಮಣಿ ಎಷ್ಟು ಹತ್ತಿರದಲ್ಲಿದೆ ಎಂಬುದನ್ನು ಹಳೆಯ ಮನೆಗಳಲ್ಲಿ ಯಾರೂ ಅಳೆದಿರುವುದಿಲ್ಲ. ಆದ್ದರಿಂದ ಇನ್ಸರ್ಟಿನ ಬಾಯಿಯಿಂದ ಚಿಮಣಿಯ ತುದಿಯವರೆಗೆ ತುಕ್ಕು ಹಿಡಿಯದ ಉಕ್ಕಿನ ಕೊಳವೆಯೊಂದನ್ನು, ಸಾಮಾನ್ಯವಾಗಿ 6 ಇಂಚು ವ್ಯಾಸದ್ದನ್ನು, ಒಳಗೆ ಇಳಿಸಬೇಕು. ಕೊಳವೆಯ ಸುತ್ತ ಶಾಖ ತಡೆಯುವ ಹೊದಿಕೆ ಇದ್ದರೆ ಉತ್ತಮ. ಗೂಡಿನ ನೆತ್ತಿಯಲ್ಲಿ, ಕೊಳವೆ ಹೋಗುವಷ್ಟು ಮಾತ್ರ ಜಾಗ ಬಿಟ್ಟು, ಉಳಿದದ್ದನ್ನು ಉಕ್ಕಿನ ತಗಡಿನಿಂದ ಮುಚ್ಚಬೇಕು. ಈ ಕೊನೆಯ ಕೆಲಸವನ್ನು ಹಣ ಉಳಿಸಲು ಬಿಟ್ಟವರು ಇನ್ಸರ್ಟಿನ ಮೈ ಕಾಯಿಸಿದ ಗಾಳಿಯಲ್ಲಿ ಒಂದು ಪಾಲನ್ನು ಚಿಮಣಿಯೊಳಕ್ಕೆ ಕಳೆದುಕೊಳ್ಳುತ್ತಾರೆ.

ಬೆಳಗಾವಿಗೆ ಇದರ ಮೇಲೆ ತನ್ನದೇ ಆದ ಎರಡು-ಮೂರು ತೊಡಕುಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಯನ್ನು ಜಂಬಿಟ್ಟಿಗೆಯ ಗೋಡೆಗಳು ಹೀರಿಕೊಂಡು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತವೆ. ಹೊರಗೋಡೆಯಲ್ಲಿರುವ ಗೂಡಾದರೆ ಇನ್ಸರ್ಟಿನ ಬೆನ್ನಿನ ಶಾಖದಲ್ಲಿ ಒಂದು ಭಾಗ ಆ ತೇವವನ್ನು ಒಣಗಿಸುವುದರಲ್ಲಿಯೇ ಹೋಗುತ್ತದೆ, ಹಾಗಾಗಿ ಪೆಟ್ಟಿಗೆಯ ಹಿಂದೆ ಶಾಖ ತಡೆಯುವ ಹಲಗೆ ಕೊಡುವುದು ಇಲ್ಲಿ ಬೇರೆ ಊರಿಗಿಂತ ಹೆಚ್ಚು ಅಗತ್ಯ. ಉಪಯೋಗಿಸದ ಚಿಮಣಿಗಳಲ್ಲಿ ಜೇನು, ಬಾವಲಿ, ಪಾರಿವಾಳಗಳು ಮನೆ ಮಾಡಿರುತ್ತವೆ. ಕೆಲವು ಚಿಮಣಿಗಳ ತಲೆಯನ್ನು ಮಳೆನೀರು ಬರಬಾರದೆಂದು ಯಾವುದೋ ಕಾಲದಲ್ಲಿ ಗೌಂಡಿ ಇಟ್ಟಿಗೆಯಿಂದ ಮುಚ್ಚಿ ಗಿಲಾವು ಮಾಡಿರುತ್ತಾನೆ, ಅದು ಕೆಳಗಿನಿಂದ ಕಾಣುವುದಿಲ್ಲ. ಇನ್ನು ಚಿಮಣಿಯ ಎಳೆತ. ಹೊರಗಿನ ತಣ್ಣನೆಯ ಗಾಳಿಗೂ ಒಳಗಿನ ಬಿಸಿ ಹೊಗೆಗೂ ಇರುವ ತೂಕದ ಅಂತರವನ್ನು ಎತ್ತರದಿಂದ ಗುಣಿಸಿದಷ್ಟೇ ಅದರ ಬಲ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಗೆ ಹೋಲಿಸಿದರೆ ನಮ್ಮ 14 ಡಿಗ್ರಿಯ ರಾತ್ರಿಯಲ್ಲಿ ಈ ಅಂತರ ಸುಮಾರು ಐದನೇ ಒಂದು ಪಾಲು ಕಡಿಮೆ, ಊರಿನ ಎತ್ತರದಿಂದಾಗಿ ಗಾಳಿಯೇ ತೆಳುವಾಗಿರುವುದರಿಂದ ಇನ್ನಷ್ಟು ಕಡಿಮೆ. ಒಂದೇ ಅಂತಸ್ತಿನ ಬಂಗಲೆಯಲ್ಲಿ ಕೊಳವೆಯ ಎತ್ತರ 15 ಅಡಿಗಿಂತ ಕಡಿಮೆಯಾದರೆ ಬಾಗಿಲು ತೆರೆದಾಗಲೆಲ್ಲ ಹೊಗೆ ಮುಖಕ್ಕೆ ಬರುವ ಸಂಭವವಿದೆ. ಚಿಮಣಿಯನ್ನು ಒಂದೆರಡು ಗಜ ಎತ್ತರಿಸುವುದು ಇನ್ಸರ್ಟ್ ಬದಲಿಸುವುದಕ್ಕಿಂತ ಅಗ್ಗ.

ಗಾತ್ರದ ವಿಷಯದಲ್ಲಿ ಅಂಗಡಿಯವರೂ ಗಿರಾಕಿಗಳೂ ದೊಡ್ಡದರ ಕಡೆಗೇ ವಾಲುತ್ತಾರೆ. ಆ ದಿವಾನಖಾನೆಗೆ ನಾನು ಅಂದಾಜು ಲೆಕ್ಕ ಹಾಕಿದೆ: ಹೊರಗೆ 12, ಒಳಗೆ 20 ಡಿಗ್ರಿ ಬೇಕೆಂದರೆ, ಹೆಂಚಿನ ಮಾಡಿನಿಂದ, ಗೋಡೆಗಳಿಂದ, ಸಂದುಗಳಿಂದ ಸೋರುವ ಶಾಖವೆಲ್ಲ ಕೂಡಿ ಎರಡು-ಎರಡೂವರೆ ಕಿಲೋವ್ಯಾಟ್. ಸಂಜೆ ಬೇಗ ಬೆಚ್ಚಗಾಗಲಿ ಎಂದು ಅದನ್ನು ದುಪ್ಪಟ್ಟು ಮಾಡಿದರೂ 5 ಕಿಲೋವ್ಯಾಟಿನ ಚಿಕ್ಕ ಇನ್ಸರ್ಟ್ ಧಾರಾಳವಾಯಿತು. ಅದಕ್ಕೆ ಗಂಟೆಗೆ ಒಂದೂಮುಕ್ಕಾಲು ಕಿಲೋ ಕಟ್ಟಿಗೆ ಬೇಕು. ಹನ್ನೆರಡು ಕಿಲೋವ್ಯಾಟಿನದನ್ನು ತಂದರೆ ಅರ್ಧ ಗಂಟೆಯಲ್ಲಿ ಕೋಣೆ ಸೆಖೆಯಾಗಿ, ಮನೆಯವರು ಗಾಳಿಯ ಹಿಡಿಕೆಯನ್ನು ಪೂರ್ತಿ ಮುಚ್ಚುತ್ತಾರೆ. ಆಗ ಒಳಗಿನ ಉಷ್ಣತೆ 600ರಿಂದ ಕೆಳಗಿಳಿದು, ಹೊಗೆ ಸುಡದೆ, ಗಾಜು ಕಪ್ಪಾಗಿ, ಕೊಳವೆಯಲ್ಲಿ ಡಾಂಬರು ಕಟ್ಟುತ್ತದೆ. ಹೊಗೆ ಸುಡುವುದಕ್ಕೆಂದೇ ಮಾಡಿದ ಯಂತ್ರವನ್ನು ಹೊಗೆ ಮಾಡುವ ಯಂತ್ರವಾಗಿ ಮಾರ್ಪಡಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಅದೇ ಪರಿಣಾಮಕ್ಕೆ ಎರಡನೆಯ ದಾರಿ ಹಸಿ ಕಟ್ಟಿಗೆ. ಆಗಷ್ಟೇ ಕಡಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರಿರುತ್ತದೆ. ಹತ್ತು ಕಿಲೋ ಹಸಿ ಕಟ್ಟಿಗೆಯಲ್ಲಿರುವ ಐದು ಕಿಲೋ ನೀರನ್ನು ಕಾಯಿಸಿ ಆವಿಯಾಗಿಸಲು ಮೂರೂವರೆ ಯೂನಿಟಿನಷ್ಟು ಶಾಖ ವ್ಯಯವಾಗುತ್ತದೆ, ಅಂದರೆ ಆ ಕೋಣೆಯನ್ನು ಒಂದು ಗಂಟೆಗೂ ಮಿಕ್ಕಿ ಬೆಚ್ಚಗಿಡುವಷ್ಟು. ಅದಕ್ಕಿಂತ ಕೆಟ್ಟದ್ದೆಂದರೆ ಆ ಆವಿ ಉರಿಯನ್ನು ತಣಿಸುತ್ತದೆ. ತೇವ 20 ಪ್ರತಿಶತಕ್ಕಿಂತ ಕಡಿಮೆಯಿರಬೇಕೆಂಬುದು ಒಪ್ಪಿತ ನಿಯಮ. ನಮ್ಮ ಹವೆಯಲ್ಲಿ ಇದರರ್ಥ, ಚಳಿಗಾಲದ ಕಟ್ಟಿಗೆಯನ್ನು ಹಿಂದಿನ ದೀಪಾವಳಿಯ ಹೊತ್ತಿಗೇ ಕೊಂಡು, ಸೀಳಿಸಿ, ಇಡೀ ಬೇಸಿಗೆ ಬಿಸಿಲಿಗೆ ಬಿಟ್ಟು, ಮಳೆಗಾಲದಲ್ಲಿ ಮೇಲೆ ತಗಡು ಹೊದಿಸಿ ಪಕ್ಕದಲ್ಲಿ ಗಾಳಿಯಾಡಲು ಬಿಟ್ಟಿಡಬೇಕು. ತಾಡಪತ್ರಿಯಿಂದ ನಾಲ್ಕೂ ಕಡೆ ಬಿಗಿಯಾಗಿ ಸುತ್ತಿದರೆ ಒಳಗೆ ಬೂಸಲು ಬರುತ್ತದೆ. ಜಾತಿಯ ಮಾತಾದರೆ ಜಾಲಿ ಎಲ್ಲಕ್ಕಿಂತ ಒಳ್ಳೆಯದು, ಗಟ್ಟಿಯಾದ್ದರಿಂದ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ನೀಲಗಿರಿ ಮತ್ತು ಅಕೇಶಿಯಾ ಹೊಲದ ಬದುಗಳಿಂದಲೂ ನೆಡುತೋಪುಗಳಿಂದಲೂ ಸಿಗುತ್ತವೆ. ಖಾನಾಪುರದ ಕಡೆಯಿಂದ ಕಟ್ಟಿಗೆ ತರಿಸುವವರು ಅದು ಯಾರ ಮರವೆಂದು ಕೇಳಿ ತರಿಸಬೇಕು. ಭೀಮಗಡ ವನ್ಯಧಾಮವಿರುವ ತಾಲೂಕು ಅದು, ಮತ್ತು ದಿವಾನಖಾನೆಯ ಸಂಜೆಯ ಸೊಗಸಿಗಾಗಿ ಕಾಡಿನ ಮತ್ತಿ, ಹೊನ್ನೆಗಳನ್ನು ಸುಡುವುದಕ್ಕೆ ನನ್ನಿಂದ ಯಾವ ಸಲಹೆಯೂ ಸಿಗದು.

ಹೊತ್ತಿಸುವ ಕ್ರಮ ನಮ್ಮ ಒಲೆಗೆ ತಿರುಗುಮುರುಗು. ದೊಡ್ಡ ತುಂಡುಗಳು ಕೆಳಗೆ, ಅದರ ಮೇಲೆ ಸಣ್ಣವು, ಎಲ್ಲಕ್ಕೂ ಮೇಲೆ ಪುಳ್ಳಿ. ಬೆಂಕಿ ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಹೀಗೆ ಮಾಡಿದರೆ ಕೆಳಗಿನ ಕಟ್ಟಿಗೆ ಬಿಡುವ ಅನಿಲ ಮೇಲಿನ ಜ್ವಾಲೆಯನ್ನು ಹಾಯ್ದೇ ಹೋಗಬೇಕಾಗುತ್ತದೆ, ಮೊದಲ ಕಾಲು ಗಂಟೆಯ ಹೊಗೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಬಾಗಿಲಿನ ಹಗ್ಗ ಸವೆದಿದೆಯೇ ಎಂದು ನೋಡಲು ಒಂದು ನೋಟನ್ನು ಅಂಚಿಗೆ ಸಿಗಿಸಿ ಬಾಗಿಲು ಮುಚ್ಚಿ ಎಳೆಯಬೇಕು. ಸರಾಗವಾಗಿ ಜಾರಿ ಬಂದರೆ ಹಗ್ಗ ಬದಲಿಸುವ ಕಾಲ ಬಂದಿದೆ.

ಇನ್ಸರ್ಟಿನ ಪರವಾಗಿ ನಾನು ಹೇಳುವ ದೊಡ್ಡ ಮಾತು ಕಟ್ಟಿಗೆಯ ಉಳಿತಾಯದ್ದಲ್ಲ. ಚಳಿಗಾಲ ಬಂತೆಂದರೆ ಶೇಗಡಿಯಲ್ಲಿ ಇದ್ದಿಲು ಹೊತ್ತಿಸಿ, ಬಾಗಿಲು-ಕಿಟಕಿ ಮುಚ್ಚಿ ಮಲಗಿದವರು ಬೆಳಗ್ಗೆ ಏಳಲಿಲ್ಲವೆಂಬ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ಇದ್ದಿಲು ಹೊಗೆಯಿಲ್ಲದೆ ಉರಿಯುವುದರಿಂದ ಅದು ನಿರುಪದ್ರವಿ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ, ಆದರೆ ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುವಾಗ ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ಇನ್ಸರ್ಟ್ ತನ್ನ ಅನಿಲಗಳನ್ನು ಕೊಳವೆಯ ಮೂಲಕ ಹೊರಗೆ ಕಳಿಸುತ್ತದೆ. ಆದರೂ ಕೊಳವೆ ಕಟ್ಟಿಕೊಂಡರೆ ಅದೂ ಶೇಗಡಿಯೇ ಆದ್ದರಿಂದ, ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಒಂದನ್ನು ಕೋಣೆಯಲ್ಲಿ ಇಡದೆ ಮುಚ್ಚಿದ ಬೆಂಕಿಯನ್ನು ರಾತ್ರಿ ಬಿಟ್ಟು ಮಲಗಬಾರದು. ಅಡುಗೆಮನೆಯಲ್ಲಿ ಜೋರಾದ ಎಕ್ಸಾಸ್ಟ್ ಫ್ಯಾನ್ ಇರುವ ಮನೆಯಲ್ಲಿ ಅದು ಚಿಮಣಿಯ ಹೊಗೆಯನ್ನು ಹಿಂದಕ್ಕೆ ಎಳೆಯಬಹುದು ಎಂಬುದನ್ನೂ ನೆನಪಿಡಬೇಕು.

ಇನ್ಸರ್ಟ್ ಎಂಬ ಹೆಸರಿನಲ್ಲಿ ಮಾರುವ ಬೇರೆ ವಸ್ತುಗಳ ಬಗ್ಗೆ ಚಿಕ್ಕದಾಗಿ ಹೇಳಬಹುದು. ವಿದ್ಯುತ್ತಿನದು ಎರಡು ಕಿಲೋವ್ಯಾಟಿನ ರೂಮ್ ಹೀಟರಿಗೆ ಜ್ವಾಲೆಯ ಚಿತ್ರ ಸೇರಿಸಿದ್ದು. ಎಥನಾಲಿನದಕ್ಕೆ ಚಿಮಣಿ ಬೇಡವೆಂದು ಹೊಗಳುತ್ತಾರೆ, ಚಿಮಣಿ ಇಲ್ಲದಿರುವುದೇ ಅದರ ದೋಷ. ಉರಿದದ್ದೆಲ್ಲ ಕೋಣೆಯಲ್ಲಿಯೇ ಉಳಿಯುತ್ತದೆ. ಒತ್ತಿದ ಮರದ ಪುಡಿಯ ಗುಳಿಗೆಗಳನ್ನು ಸುಡುವವು ಒಳ್ಳೆಯ ಯಂತ್ರಗಳು, ಆದರೆ ಗುಳಿಗೆ ತಳ್ಳುವ ಮೋಟಾರಿಗೆ ಕರೆಂಟ್ ಬೇಕು, ಅದು ಹೋದಾಗ ಬೆಂಕಿಯೂ ಹೋಗುತ್ತದೆ. ಕಟ್ಟಿಗೆಯ ಇನ್ಸರ್ಟಿಗೂ ಫ್ಯಾನ್ ಇರುವುದುಂಟು. ಕರೆಂಟ್ ಇಲ್ಲದಾಗಲೂ ಗಾಳಿ ತಾನಾಗಿ ಸುತ್ತುವಂಥ ವಿನ್ಯಾಸವನ್ನೇ ಆರಿಸಿಕೊಳ್ಳುವುದು ಮೇಲು.

ಇದನ್ನು ಉದ್ಯಮಬಾಗದಲ್ಲಿಯೇ ಎರಕ ಹೊಯ್ಯಲಾಗದೆ ಎಂದು ಆ ಮನೆಯ ಕಾಕಾ ಕೇಳಿದರು. ಬೆಳಗಾವಿಯ ಫೌಂಡ್ರಿಗಳು ವಾಹನಗಳ, ಪಂಪುಗಳ ಎಷ್ಟೋ ಕಠಿಣ ಬೀಡಿನ ಭಾಗಗಳನ್ನು ಹೊಯ್ಯುತ್ತವೆ. ಒಂದು ಪೆಟ್ಟಿಗೆ ಅವರಿಗೆ ಹೆಚ್ಚಿನದಲ್ಲ. ಆದರೆ ಇನ್ಸರ್ಟಿನ ಬೆಲೆ ಇರುವುದು ಬೀಡಿನಲ್ಲಲ್ಲ, ಎರಡನೆಯ ಗಾಳಿಯ ತೂತುಗಳ ಗಾತ್ರ, ಅಂತರ ಮತ್ತು ಕೋನಗಳಲ್ಲಿ. ಅವನ್ನು ಪ್ರಯೋಗಾಲಯದಲ್ಲಿ ಹೊಗೆ ಅಳೆಯುತ್ತ ನಿಗದಿ ಮಾಡಿರುತ್ತಾರೆ. ಹೊರಗಿನ ಆಕಾರವನ್ನು ನೋಡಿ ನಕಲು ಮಾಡಿದರೆ ಗಾಜಿನ ಬಾಗಿಲಿನ ಶೇಗಡಿ ತಯಾರಾಗುತ್ತದೆ. ಅಳೆಯುವ ವ್ಯವಸ್ಥೆ ಮಾಡಿಕೊಂಡು ಯಾರಾದರೂ ಇಲ್ಲಿ ಈ ಕೆಲಸಕ್ಕೆ ಇಳಿದರೆ ನಾನು ಸಂತೋಷಪಡುತ್ತೇನೆ. ಜಾಂಬೋಟಿ, ಕಣಕುಂಬಿಗಳ ಕಡೆ ಏಳುತ್ತಿರುವ ಹೋಮ್‌ಸ್ಟೇಗಳಲ್ಲಿ ಅದಕ್ಕೆ ಗಿರಾಕಿ ಸಿಗಬಹುದು.

ಕ್ಯಾಂಪಿನ ಬಂಗಲೆಗೆ ನಾನು ಹೇಳಿದ್ದು ಇಷ್ಟು: ಮೊದಲು ಚಿಮಣಿಗೆ ಮೇಲಿನಿಂದ ದೀಪ ಇಳಿಬಿಟ್ಟು ಒಳಮೈ ನೋಡಿಸಿ, ಜೇನು ಬಿಡಿಸಿ, ತೊಲೆಗಳ ಅಂತರ ಅಳೆಸಿ, ಅದು ಸರಿಯಿದ್ದರೆ 5 ಕಿಲೋವ್ಯಾಟಿನ ಇನ್ಸರ್ಟ್, ಪೂರ್ತಿ ಎತ್ತರದ ಕೊಳವೆ, ಮೇಲೊಂದು ಟೊಪ್ಪಿಗೆ. ವರ್ಷಕ್ಕೊಮ್ಮೆ ಕೊಳವೆ ಉಜ್ಜಿಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಈ ಊರಿನಲ್ಲಿ ಆ ಕೆಲಸವನ್ನೇ ಕಸುಬಾಗಿ ಮಾಡುವವರನ್ನು ನಾನು ಕಂಡಿಲ್ಲ. ಯಾರಾದರೊಬ್ಬ ಗೌಂಡಿಗೆ ಉದ್ದ ಬ್ರಷ್ ಕೊಟ್ಟು ಕಲಿಸಬೇಕಾದೀತು. ಮಳೆಗಾಲದ ನಾಲ್ಕು ತಿಂಗಳು ಬೂದಿಯನ್ನು ಪೂರ್ತಿ ತೆಗೆದು, ಬಾಗಿಲನ್ನು ಬೆರಳಗಲ ತೆರೆದಿಟ್ಟರೆ ಬೀಡಿಗೆ ತುಕ್ಕು ಕಡಿಮೆ. ಬೂದಿ ತೇವವನ್ನು ಹೀರಿ ಕ್ಷಾರವಾಗಿ ಲೋಹವನ್ನು ತಿನ್ನುತ್ತದೆ. ನಮ್ಮ ಟಿಳಕವಾಡಿಯ ಆರ್‌ಸಿಸಿ ಮನೆಯಂಥವುಗಳಲ್ಲಿ, ಚಿಮಣಿಯೇ ಇಲ್ಲದ ಕಡೆ, ವರ್ಷದ ಕೆಲವು ವಾರಗಳ ಚಳಿಗಾಗಿ ಗೋಡೆ ಒಡೆದು ಇದನ್ನೆಲ್ಲ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ ಶಾಖ ಕೊಡುವ ಎ.ಸಿ.ಗಳು ಈಗ ಸಿಗುತ್ತವೆ, ಅದೂ ಬೇಡವೆಂದರೆ ಕಿಟಕಿಯ ಸಂದುಗಳಿಗೆ ರಬ್ಬರ್ ಪಟ್ಟಿ ಬಡಿಸಿ ಇನ್ನೊಂದು ಕಂಬಳಿ ಹೊದ್ದುಕೊಳ್ಳಬಹುದು.